ಗೌರಿಬಿದನೂರು ನೆಲಕ್ಕೆ ಕಿವಿಗೊಟ್ಟ ಕಥೆ

ವೇಗ = ದೂರ ÷ ಕಾಲ. ಮಾರ್ಕ್ಸಿಗೋಸ್ಕರ ಬಾಯಿಪಾಠ ಮಾಡಿದ್ರಲ್ವಾ? ಅದೇ ಸೂತ್ರಕ್ಕೆ ನಮ್ಮ ಗೌರಿಬಿದನೂರಲ್ಲಿ 1965ರಲ್ಲೇ ದೊಡ್ಡ ಕೆಲಸ ಸಿಕ್ಕಿತ್ತು. (ಆಗಿನ್ನೂ ನಾವು ಕೋಲಾರ ಜಿಲ್ಲೆ!)

1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಒಂದು ಒಪ್ಪಂದ ಮಾಡಿಕೊಂಡವು: ಗಾಳಿಯಲ್ಲಿ, ನೀರೊಳಗೆ, ಬಾಹ್ಯಾಕಾಶದಲ್ಲಿ ಅಣುಬಾಂಬ್ ಪರೀಕ್ಷೆ ಬೇಡ. ನೆಲದೊಳಗೆ ಮಾತ್ರ ನಿಷೇಧ ಇರಲಿಲ್ಲ. ಸರಿ, ಸಾವಿರಾರು ಕಿ.ಮೀ. ಆಚೆ ಯಾರೋ ನೆಲದಡಿ ಸಿಡಿಸಿದ್ರೆ ಗೊತ್ತಾಗೋದು ಹೇಗೆ? ನೆಲ ನಡುಗುತ್ತಲ್ಲ, ಅದನ್ನೇ ಹಿಡಿಯಬೇಕು. ಟ್ರಾಂಬೆಯ ನಮ್ಮ ಅಣುಶಕ್ತಿ ಕೇಂದ್ರ (ಈಗಿನ ಬಿಎಆರ್‌ಸಿ) ಬ್ರಿಟನ್ನಿನವರ ಸಹಕಾರದಿಂದ ಇಲ್ಲಿ 20 ಕಂಪನಮಾಪಕಗಳನ್ನು ‘ಎಲ್’ ಅಕ್ಷರದ ಹಾಗೆ ಎರಡು ಸಾಲಲ್ಲಿ ಇಟ್ಟಿತು.

ಒಂದೇ ಸಾಕಿತ್ತಲ್ವಾ? ಇಲ್ಲೇ ಮಜಾ ಇರೋದು. ಒಂದು ಯಂತ್ರದಿಂದ ದಿಕ್ಕು ಹೇಳೋದು ಕಷ್ಟ. ಸಾಲಾಗಿದ್ರೆ ಅಲೆ ಮೊದಲು ಯಾವುದಕ್ಕೆ ತಟ್ಟಿತು, ಆಮೇಲೆ ಯಾವುದಕ್ಕೆ ಅಂತ ನೋಡಬಹುದು. ಲೆಕ್ಕಕ್ಕೆ 24 ಕಿ.ಮೀ. ಸಾಲು ಅಂತಿಟ್ಕೊಳ್ಳಿ. ಅಲೆ ಅದನ್ನು 3 ಸೆಕೆಂಡಲ್ಲಿ ದಾಟಿದರೆ ಸೆಕೆಂಡಿಗೆ 8 ಕಿ.ಮೀ.; ಒಂದೂವರೆ ಸೆಕೆಂಡಾದ್ರೆ 16. ಅಂದ್ರೆ ಅಲೆ ನಿಜವಾಗಿ ಅಷ್ಟು ಜೋರಾಗಿ ಓಡಿತು ಅಂತಲ್ಲ. ತುಂಬಾ ದೂರದ ಅಲೆ ಭೂಮಿಯ ಆಳಕ್ಕಿಳಿದು ಕೆಳಗಿಂದ ಮೇಲಕ್ಕೆ ಬರುತ್ತೆ, ಹಾಗಾಗಿ ಯಂತ್ರಗಳಿಗೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ತಟ್ಟುತ್ತೆ. ಎರಡೂ ಸಾಲಿನ ಹೊತ್ತು ಹೋಲಿಸಿದ್ರೆ ದಿಕ್ಕು, ತೋರುವ ಈ ವೇಗದಿಂದ ದೂರದ ಅಂದಾಜು. ಸಿಡಿದ ಜಾಗಕ್ಕೆ ಯಾರೂ ಕಾಲಿಡಬೇಕಿಲ್ಲ.

1998ರ ಮೇ 28ರಂದು ಪಾಕಿಸ್ತಾನ ಚಾಗೈ ಜಿಲ್ಲೆಯ ಬೆಟ್ಟದೊಳಗೆ ಅಣುಪರೀಕ್ಷೆ ಮಾಡಿದಾಗ, ಆ ನಡುಕ ನಮ್ಮ ಗೌರಿಬಿದನೂರಲ್ಲೂ ದಾಖಲಾಯ್ತು.