ಗ್ರಂಥಸೂಚಿಗಳಲ್ಲಿ ಕೃತಿಯ ಗುರುತು

ಸೂಚಿಯಲ್ಲಿರುವ ಎರಡು ನಮೂದುಗಳು ಒಂದೇ ಗ್ರಂಥವನ್ನು ಕುರಿತವೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸುಲಭವಾದುದಾದರೂ ಅದರ ಇತಿಹಾಸ ದೀರ್ಘವಾದುದು.

ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು 1898ರಿಂದ ತನ್ನ ಸೂಚಿಪತ್ರಗಳಿಗೆ ಸಂಖ್ಯೆಗಳನ್ನು ಕೊಡುತ್ತ ಬಂದಿತು. 1901ರಲ್ಲಿ ಮುದ್ರಿತ ಪತ್ರಗಳನ್ನು ಇತರ ಗ್ರಂಥಾಲಯಗಳಿಗೂ ಒದಗಿಸತೊಡಗಿತು. ಪುಸ್ತಕ ವ್ಯಾಪಾರದ ಅನುಕೂಲಕ್ಕಾಗಿ ಬ್ರಿಟನ್ನಿನಲ್ಲಿ 1967ರಲ್ಲಿ 9 ಅಂಕಿಗಳ ಪುಸ್ತಕಸಂಖ್ಯೆ ಬಳಕೆಗೆ ಬಂದಿತು. 1970ರಲ್ಲಿ ಅದು 10 ಅಂಕಿಗಳ ಅಂತರರಾಷ್ಟ್ರೀಯ ಮಾನಕವಾಯಿತು. 2007ರಲ್ಲಿ 13 ಅಂಕಿಗಳಿಗೆ ಬೆಳೆಯಿತು. ಆದರೆ ಈ ಸಂಖ್ಯೆ ಗುರುತಿಸುವುದು ಆವೃತ್ತಿಯನ್ನೇ ಹೊರತು ಕೃತಿಯನ್ನಲ್ಲ.

ಅದಕ್ಕೆ ಹಿಂದೆ ಅಚ್ಚಾದ ಪ್ರತಿಗಳಲ್ಲಿ ಸಂಖ್ಯೆಯೇ ಇಲ್ಲ. ಅಲ್ಲಿ ಕರ್ತೃ, ಶೀರ್ಷಿಕೆ, ಸಂಪಾದಕ, ಸ್ಥಳ, ವರ್ಷ, ಪುಟಗಳನ್ನೇ ಹೋಲಿಸಬೇಕು. ಕವಿರಾಜಮಾರ್ಗವನ್ನು ನೋಡೋಣ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ನೃಪತುಂಗನ ಕೃತಿಯೆಂದು ಪ್ರಕಟಿಸಿದರು. ಮುಂದೆ ಶ್ರೀವಿಜಯನೇ ಕರ್ತೃವೆಂಬ ಮತ ಬಲಗೊಂಡು, ಆತನ ಹೆಸರಿನಲ್ಲಿಯೂ ಮುದ್ರಣಗಳು ಬಂದವು. ಕರ್ತೃನಾಮವನ್ನೇ ನೆಚ್ಚಿದ ಗಣಕಯಂತ್ರವು ಇವನ್ನು ಎರಡು ಕೃತಿಗಳೆಂದು ಬೇರ್ಪಡಿಸೀತು. ಶೀರ್ಷಿಕೆಯನ್ನಷ್ಟೇ ನೆಚ್ಚಿದರೆ ಪಾಠಾಂತರಗಳುಳ್ಳ ಭಿನ್ನ ಸಂಪಾದನೆಗಳು ಒಂದೇ ನಮೂದಿನಲ್ಲಿ ಕರಗಿಹೋದಾವು.

ಇವೆರಡರಲ್ಲಿ ಎರಡನೆಯದೇ ಹೆಚ್ಚು ಹಾನಿಕರ. ಬೇರ್ಪಟ್ಟ ನಮೂದುಗಳನ್ನು ಓದುಗನು ಹುಡುಕಿ ಕೂಡಿಸಿಕೊಳ್ಳಬಲ್ಲನು. ಕರಗಿಹೋದ ಸಂಪಾದನೆಯಾದರೋ ಇದ್ದುದೇ ಆತನಿಗೆ ತಿಳಿಯದು. 1998ರಲ್ಲಿ ಅಂತರರಾಷ್ಟ್ರೀಯ ಗ್ರಂಥಾಲಯ ಸಂಘಗಳ ಒಕ್ಕೂಟವು ಕೃತಿ, ಅದರ ಪಾಠರೂಪ, ಮುದ್ರಣ, ಬಿಡಿಪ್ರತಿ ಎಂದು ನಾಲ್ಕು ಹಂತಗಳನ್ನು ಬೇರ್ಪಡಿಸಿದುದು ಇಂಥ ಗೊಂದಲವನ್ನು ನೀಗಲು ನೆರವಾಗಿದೆ. ಆದುದರಿಂದ ಸಂದೇಹವಿದ್ದೆಡೆಯಲ್ಲಿ ನಮೂದುಗಳನ್ನು ಒಂದುಗೂಡಿಸದೆ, ಪರಸ್ಪರ ನಿರ್ದೇಶಗಳಿಂದ ಜೋಡಿಸುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.