ನೀಹಾರಿಕೆಯ ಹಸಿರು ಗೆರೆ

ಪುಣೆ ಕ್ಯಾಂಪಿನ ಎಂ.ಜಿ. ರಸ್ತೆಯ ಆಸುಪಾಸಿನ ಯಾವುದಾದರೂ ತಾರಸಿ ಹತ್ತಿ ಜನವರಿಯ ರಾತ್ರಿ ತಲೆಯೆತ್ತಿದರೆ ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳು ಕಾಣುತ್ತವೆ. ಅದಕ್ಕೆ ತೂಗುಬಿದ್ದ ಕತ್ತಿಯಲ್ಲಿ ಇರಬೇಕಾದ ನೀಹಾರಿಕೆ ಮಾತ್ರ ಬರಿಗಣ್ಣಿಗೆ ಸಿಗುವುದಿಲ್ಲ. ಅಂಗಡಿ ಬೀದಿಯ ಬೆಳಕು ಅದನ್ನು ನುಂಗಿಬಿಟ್ಟಿದೆ. ಆದರೂ ಇಂಥ ಊರಿನ ನಡುವಿನಿಂದಲೇ ಹವ್ಯಾಸಿಗಳು ನೀಹಾರಿಕೆಗಳ ಚಿತ್ರ ತೆಗೆಯುತ್ತಾರೆ. ಕ್ಯಾಮೆರಾದ ಮುಂದೆ ಒಂದು ಸಣ್ಣ ಗಾಜು ಕೂರಿಸುತ್ತಾರೆ, ಅಷ್ಟೆ. ಆ ಗಾಜು 500.7 ನ್ಯಾನೊಮೀಟರ್ ತರಂಗದೂರದ ಸುತ್ತಲಿನ ಮೂರರಿಂದ ಏಳು ನ್ಯಾನೊಮೀಟರ್ ಅಗಲದ ಪಟ್ಟಿಯನ್ನಷ್ಟೇ ಒಳಗೆ ಬಿಟ್ಟು ಮಿಕ್ಕದ್ದನ್ನೆಲ್ಲ ತಡೆಯುತ್ತದೆ. ಈ ಸಂಖ್ಯೆಗೆ ಪುಣೆಯಲ್ಲೇ ಒಂದು ಹಳೆಯ ಕಥೆ ಇದೆ.

1864ರ ಆಗಸ್ಟಿನಲ್ಲಿ ಲಂಡನ್ನಿನ ವಿಲಿಯಂ ಹಗ್ಗಿನ್ಸ್ ತಮ್ಮ ರೋಹಿತದರ್ಶಕವನ್ನು ಡ್ರೇಕೊ ಪುಂಜದ ಒಂದು ನೀಹಾರಿಕೆಯತ್ತ ತಿರುಗಿಸಿದರು. ನಕ್ಷತ್ರಗಳಂತೆ ಕಾಮನಬಿಲ್ಲಿನ ಪಟ್ಟಿ ಕಾಣಬಹುದೆಂದುಕೊಂಡಿದ್ದವರಿಗೆ ಕಂಡದ್ದು ಬೆರಳೆಣಿಕೆಯ ಹೊಳೆವ ಗೆರೆಗಳು. ಅಂದರೆ ಅದು ನಕ್ಷತ್ರಗಳ ರಾಶಿಯಲ್ಲ, ಅನಿಲ. ಅವುಗಳಲ್ಲಿ ಅತ್ಯಂತ ಪ್ರಖರವಾದ ಹಸಿರು ಗೆರೆ ಭೂಮಿಯ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. 'ನೆಬ್ಯುಲಿಯಂ' ಎಂಬ ಹೊಸ ಧಾತುವೇ ಇರಬೇಕು ಎಂಬ ಮಾತೂ ಹುಟ್ಟಿತು. ಅದನ್ನು ಒಪ್ಪದವರಲ್ಲಿ ನಾರ್ಮನ್ ಲಾಕ್ಯರ್ ಮುಖ್ಯರು. ನೀಹಾರಿಕೆಗಳೆಂದರೆ ಒಂದಕ್ಕೊಂದು ಡಿಕ್ಕಿ ಹೊಡೆಯುವ ಉಲ್ಕೆಗಳ ಹಿಂಡು, ಹಸಿರು ಗೆರೆ ಕಾಯ್ದ ಮೆಗ್ನೀಸಿಯಮ್ಮಿನ ಪಟ್ಟಿಯೊಂದರ ಉಳಿದ ಅಂಚು ಎಂದು ಅವರು 1887ರ ಹೊತ್ತಿಗೆ ವಾದಿಸಿದರು. ಹಗ್ಗಿನ್ಸ್ ಒಪ್ಪಲಿಲ್ಲ. ಜಗಳ ಗೆರೆಯ ಆಕಾರಕ್ಕೆ ಬಂದು ನಿಂತಿತು. ಮೆಗ್ನೀಸಿಯಂ ಪಟ್ಟಿಯಾದರೆ ಒಂದು ಬದಿ ಚೂಪಾಗಿದ್ದು ಇನ್ನೊಂದು ಬದಿಗೆ ಮಸುಕಾಗಿ ಹರಡಬೇಕು. ಅನಿಲದ ಗೆರೆಯಾದರೆ ಎರಡೂ ಬದಿ ಚೂಪು.

ಇಲ್ಲಿ ಕಾವಸ್‌ಜಿ ದಾದಾಭಾಯಿ ನೇಗಾಮ್‌ವಾಲಾ ಬರುತ್ತಾರೆ. 1857ರಲ್ಲಿ ಹುಟ್ಟಿದ ಪಾರ್ಸಿ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ಅಲ್ಲೇ ಪಾಠ ಹೇಳಿದವರು. ಭಾವನಗರದ ಮಹಾರಾಜ ತಖ್ತಸಿಂಗ್‌ಜಿ ಕಾಲೇಜಿಗೆ ಕೊಟ್ಟ ದೇಣಿಗೆಗೆ ಮುಂಬಯಿ ಸರ್ಕಾರವೂ ಹಣ ಸೇರಿಸಿತು. ನೇಗಾಮ್‌ವಾಲಾ ಇಂಗ್ಲೆಂಡಿಗೆ ಹೋಗಿ ಲಾಕ್ಯರ್ ಮುಂತಾದವರ ಸಲಹೆ ಪಡೆದರು. ರೋಹಿತದರ್ಶನಕ್ಕೆಂದೇ ಒಂದು ವೀಕ್ಷಣಾಲಯ ಎಂಬ ಯೋಜನೆ ಹೀಗೆ ರೂಪುಗೊಂಡಿತು. ಅವರಿಗೆ ಪುಣೆಯ ವಿಜ್ಞಾನ ಕಾಲೇಜಿಗೆ ವರ್ಗವಾದಾಗ ವೀಕ್ಷಣಾಲಯವೂ ಅವರ ಹಿಂದೆಯೇ ಬಂತು. ಮುಂದೆ ಇಂಜಿನಿಯರಿಂಗ್ ಕಾಲೇಜಾದದ್ದು ಅದೇ. ಮುಳಾ ಮುಠಾ ನದಿಗಳು ಕೂಡುವ ಜಾಗ, ಕ್ಯಾಂಪಿನಿಂದ ಕೆಲವೇ ಕಿಲೋಮೀಟರು. 1888ರಲ್ಲಿ ಸಿದ್ಧವಾದ ಮಹಾರಾಜ ತಖ್ತಸಿಂಗ್‌ಜಿ ವೀಕ್ಷಣಾಲಯದಲ್ಲಿ ಡಬ್ಲಿನ್ನಿನ ಗ್ರಬ್ ಕಂಪನಿ ಕಟ್ಟಿದ ದೂರದರ್ಶಕ ನಿಂತಿತು. ಮುಂದೆ 20 ಅಂಗುಲದ ಭಾವನಗರ ದೂರದರ್ಶಕ ಎಂದು ಹೆಸರಾದ ಇದು ದೇಶದಲ್ಲಿ ಆಗ ಅತಿ ದೊಡ್ಡದು.

ನೇಗಾಮ್‌ವಾಲಾ ಅದನ್ನು ಓರಿಯನ್ ನೀಹಾರಿಕೆಗೆ ಗುರಿಯಿಟ್ಟು ಹಸಿರು ಗೆರೆಯನ್ನು ಪರೀಕ್ಷಿಸಿದರು. ಗೆರೆ ಚೂಪಾಗಿತ್ತು, ತೆಳುವಾಗಿತ್ತು, ಯಾವ ಬದಿಗೂ ಹರಡಿರಲಿಲ್ಲ. 1891ರಲ್ಲಿ ರಾಯಲ್ ಅಸ್ಟ್ರಾನಾಮಿಕಲ್ ಸೊಸೈಟಿಯ ಮಾಸಿಕ ಪತ್ರಿಕೆಯಲ್ಲಿ ಹಾಗೆಂದೇ ಬರೆದರು. ತಮಗೆ ದಾರಿ ತೋರಿದ ಹಿರಿಯನ ಸಿದ್ಧಾಂತಕ್ಕೆ ಇದು ವಿರುದ್ಧ. ಆ ಹಿರಿಯ ಸಾಮ್ರಾಜ್ಯದ ರಾಜಧಾನಿಯವನು, ಬರೆದವನು ಒಂದು ಪ್ರಾಂತೀಯ ಕಾಲೇಜಿನ ಮೇಷ್ಟ್ರು. ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದಲ್ಲಿ ಜೇಮ್ಸ್ ಕೀಲರ್ ಮಾಡಿದ ಹೆಚ್ಚು ನಿಖರವಾದ ಅಳತೆಗಳೇ ಈ ಜಗಳ ತೀರಿಸಿದವು ಎನ್ನಬೇಕು. ಆದರೆ ಪುಣೆಯ ಸಾಕ್ಷ್ಯವೂ ಸರಿಯಾದ ಬದಿಯಲ್ಲೇ ನಿಂತಿತ್ತು. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಈ ಹೆಸರು ಇಷ್ಟು ಅಪರೂಪವಾಗಿರುವುದು ಸೋಜಿಗವೇ.

ಗೆರೆಯ ಯಜಮಾನ ಸಿಕ್ಕಿದ್ದು 1927ರಲ್ಲಿ. ಹೊಸ ಧಾತುವಲ್ಲ, ಎರಡು ಎಲೆಕ್ಟ್ರಾನು ಕಳೆದುಕೊಂಡ ಆಮ್ಲಜನಕ ಎಂದು ಐರಾ ಬೋವೆನ್ ತೋರಿಸಿದರು. ಈ ಬೆಳಕು ಹೊರಬರಲು ಅಯಾನು ಸುಮಾರು ಅರ್ಧ ನಿಮಿಷ ಯಾರ ತಂಟೆಯೂ ಇಲ್ಲದೆ ಇರಬೇಕು. ಪ್ರಯೋಗಾಲಯದ ಅನಿಲದಲ್ಲಿ ಅಷ್ಟರೊಳಗೆ ಎಷ್ಟೋ ಡಿಕ್ಕಿಗಳಾಗಿಬಿಡುತ್ತವೆ. ನೀಹಾರಿಕೆ ಅಷ್ಟು ವಿರಳವಾದ್ದರಿಂದಲೇ ಅಲ್ಲಿ ಇದು ಸಾಧ್ಯ. ನೀಹಾರ ಎಂದರೆ ಮಂಜು. ಈ ಮಂಜು ನಮ್ಮ ಪ್ರಯೋಗಾಲಯಗಳ ಸಾಮಾನ್ಯ ನಿರ್ವಾತಕ್ಕಿಂತಲೂ ತೆಳು.

ಕತ್ತಲಿಗೆ ಒಗ್ಗಿದ ಮನುಷ್ಯನ ಕಣ್ಣು ಅತಿ ಸೂಕ್ಷ್ಮವಾಗಿರುವುದೂ ಇದೇ 500 ನ್ಯಾನೊಮೀಟರಿನ ಆಸುಪಾಸಿಗೆ. ದೂರದರ್ಶಕದಲ್ಲಿ ಓರಿಯನ್ ನೀಹಾರಿಕೆ ನಸುಹಸಿರು ಬೂದಿಯಂತೆ ಕಾಣುವುದು ಅದಕ್ಕೇ. ಹೈಡ್ರೊಜನ್ನಿನ 656.3ರ ಕಡುಗೆಂಪು ಅಲ್ಲಿ ಯಥೇಚ್ಛವಾಗಿದ್ದರೂ ಮಂದ ಬೆಳಕಿನಲ್ಲಿ ಕಣ್ಣು ಅದಕ್ಕೆ ಹೆಚ್ಚುಕಡಿಮೆ ಕುರುಡು. 1880ರಲ್ಲಿ ಹೆನ್ರಿ ಡ್ರೇಪರ್ 51 ನಿಮಿಷ ತೆರೆದಿಟ್ಟು ತೆಗೆದ ಮೊದಲ ಛಾಯಾಚಿತ್ರದ ಫಲಕವೂ ಕೆಂಪಿಗೆ ಕುರುಡೇ. ನೀಹಾರಿಕೆ ಕೆಂಪು ಎಂಬ ಈಗಿನ ಸಾಮಾನ್ಯ ತಿಳಿವಳಿಕೆ ಬಣ್ಣದ ಫಿಲ್ಮ್ ಬಂದ ಮೇಲಿನದು.

ಇನ್ನು 1995ರ ಏಪ್ರಿಲ್ 1. ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೊವೆನ್ ಹಬಲ್ ದೂರದರ್ಶಕದಿಂದ ಈಗಲ್ ನೀಹಾರಿಕೆಯ ಕಂಬಗಳ ಚಿತ್ರ ತೆಗೆದರು. ಮೂರು ಕಪ್ಪುಬಿಳುಪು ಚಿತ್ರಗಳು: ಗಂಧಕದ 672ರ ಸುತ್ತಲಿನ ಬೆಳಕಿಗೆ ಕೆಂಪು, ಹೈಡ್ರೊಜನ್ನಿಗೆ ಹಸಿರು, ಆಮ್ಲಜನಕಕ್ಕೆ ನೀಲಿ. ಗಂಧಕ ಮತ್ತು ಹೈಡ್ರೊಜನ್ ಎರಡೂ ಕಣ್ಣಿಗೆ ಕೆಂಪೇ. ಅವನ್ನು ಬೇರೆಬೇರೆಯಾಗಿ ತೋರಿಸಲು ಈ ಹಂಚಿಕೆ. ತರಂಗದೂರದ ಕ್ರಮವಂತೂ ಕೆಟ್ಟಿಲ್ಲ, ಆದ್ದರಿಂದ ಸುಳ್ಳು ಬಣ್ಣ ಎಂಬ ಬೈಗುಳ ಅಷ್ಟೇನೂ ನ್ಯಾಯವಲ್ಲ. ಆದರೆ ಆಮೇಲಿನ ಕೆಲಸದಲ್ಲಿ ಕೈಚಳಕ ಹೆಚ್ಚು. ಹೈಡ್ರೊಜನ್ ಎಲ್ಲಕ್ಕಿಂತ ಬಲವಾದ್ದರಿಂದ ಚಿತ್ರ ಪೂರ್ತಿ ಹಸಿರಾಗುತ್ತದೆ. ಆ ಹಸಿರನ್ನು ಹಳದಿಯತ್ತ ತಳ್ಳಿ ಹೊಂಬಣ್ಣ ಮಾಡುತ್ತಾರೆ.

ಹಬಲ್ ಹಂಚಿಕೆಯಷ್ಟು ಹೆಸರಿಲ್ಲದ, ಕಣ್ಣಿಗೆ ಹತ್ತಿರವಾದ ಇನ್ನೊಂದು ಬೆರಕೆ ಇದೆ. ಹೈಡ್ರೊಜನ್ ಕೆಂಪಿಗೆ, ಆಮ್ಲಜನಕ ಹಸಿರು ನೀಲಿ ಎರಡಕ್ಕೂ. ಆಗ ಆಮ್ಲಜನಕ ಹೆಚ್ಚುಕಡಿಮೆ ತನ್ನದೇ ಬಣ್ಣದಲ್ಲಿ ಬರುತ್ತದೆ. ಹಸಿರೂ ಅಲ್ಲದ ನೀಲಿಯೂ ಅಲ್ಲದ ಈ ಬಣ್ಣಕ್ಕೆ ಕನ್ನಡದ ನಿಘಂಟು ತಡವರಿಸುತ್ತದೆ; ಸೀರೆ ಅಂಗಡಿಯವನು ತಡವರಿಸದೆ 'ರಾಮಾ ಗ್ರೀನ್' ಎನ್ನುತ್ತಾನೆ. ಕ್ಯಾಂಪಿನಂಥ ಕಡೆ ಕಷ್ಟವಿರುವುದು ಇದರಲ್ಲೇ. ಚಂದ್ರನ ಬೆಳಕೂ ಬಿಳಿ ಎಲ್‌ಇಡಿಯ ಬೆಳಕೂ ಕೆಂಪಿಗಿಂತ ಇಲ್ಲೇ ಹೆಚ್ಚು ಕಾಟ ಕೊಡುತ್ತವೆ. ಹಾಗಾಗಿ ಅನುಭವಸ್ಥರು ಬೆಳದಿಂಗಳ ರಾತ್ರಿಗಳನ್ನು ಹೈಡ್ರೊಜನ್ನಿಗೆ ಕೊಟ್ಟು ಅಮಾವಾಸ್ಯೆಯ ಆಸುಪಾಸನ್ನು ಆಮ್ಲಜನಕಕ್ಕೆ ಉಳಿಸಿಕೊಳ್ಳುತ್ತಾರೆ. ಅನೇಕ ನೀಹಾರಿಕೆಗಳಲ್ಲಿ ಅದರ ಬೆಳಕು ಕಡಿಮೆ, ಅದಕ್ಕೆ ಹೆಚ್ಚು ಗಂಟೆಗಳು ಬೇಕು. ಆ ತಾಳ್ಮೆಯಿಲ್ಲದವರು ಕಂಪ್ಯೂಟರಿನಲ್ಲಿ ಅದನ್ನೊಂದೇ ಎಳೆದು ಹೈಡ್ರೊಜನ್ನಿಗೆ ಸಮ ಮಾಡುತ್ತಾರೆ. ಸ್ವಲ್ಪ ಎಳೆಯುವುದು ಎಲ್ಲರಿಗೂ ಅನಿವಾರ್ಯವೇ. ಮಿತಿ ಮೀರಿದರೆ ಅನಿಲವೇ ಇಲ್ಲದ ಕಡೆಯೂ ನೀಲಿ ಮಂಜು ಹುಟ್ಟಿಕೊಳ್ಳುತ್ತದೆ. ಅದು ನೀಹಾರಿಕೆಯಲ್ಲ, ಸಂವೇದಕದ ಗದ್ದಲ. ಬಣ್ಣದ ಹಂಚಿಕೆಗಿಂತ ಈ ಮೋಸ ದೊಡ್ಡದು.

ಪುಣೆಯ ವೀಕ್ಷಣಾಲಯ ನೇಗಾಮ್‌ವಾಲಾ ಅವರ ಜೊತೆಗೇ ಮುಗಿಯಿತು. 1898ರ ಜನವರಿ 22ರ ಪೂರ್ಣ ಸೂರ್ಯಗ್ರಹಣಕ್ಕೆ ಅವರು ತಂಡ ಕಟ್ಟಿಕೊಂಡು ಸೊಲ್ಲಾಪುರದ ಕಡೆಯ ಜೇವೂರಿಗೆ ಹೋಗಿದ್ದರು. 1912ರಲ್ಲಿ ಅವರು ನಿವೃತ್ತರಾದಾಗ ಕಾಲೇಜಿನಲ್ಲಿ ಅದನ್ನು ಮುಂದುವರಿಸುವವರಿರಲಿಲ್ಲ. ಬಾಗಿಲು ಮುಚ್ಚಿ ಉಪಕರಣಗಳನ್ನು ಕೊಡೈಕನಾಲಿಗೆ ಕಳಿಸಿದರು. ಆ ಕೊಡೈಕನಾಲ್ ವೀಕ್ಷಣಾಲಯ ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಭಾಗ. ಭಾವನಗರ ದೂರದರ್ಶಕ ಆಮೇಲೆ ಲಡಾಖಿನ ಲೇಹ್‌ಗೂ ಹೋಯಿತು, ಅಲ್ಲಿನ ಆಕಾಶ ಎಷ್ಟು ಚೊಕ್ಕಟ ಎಂದು ಪರೀಕ್ಷಿಸುವ ಕೆಲಸಕ್ಕೆ.