ಸಿಹಿಮೂತ್ರ ರೋಗವೂ ಕಿವಿ, ಮೂಗು, ಗಂಟಲೂ

ಕ್ಯಾಸಂಬಳ್ಳಿಯಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ, ಮನೆಯ ಹಿರಿಯರೊಬ್ಬರಿಗೆ ರಾತ್ರಿ ಕಿವಿ ನೋವು ಬಂದರೆ ನಾವು ಮಾಡುವುದೇನು? ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಎರಡು ತೊಟ್ಟು ಬಿಡುತ್ತೇವೆ. ಅವರಿಗೆ ಸಕ್ಕರೆ ಕಾಯಿಲೆ ಉಂಟೆಂಬುದು ಆಗ ನೆನಪಿಗೆ ಬರುವುದಿಲ್ಲ. ಸಕ್ಕರೆಗೂ ಕಿವಿಗೂ ಏನು ನಂಟು ಎಂದು ನೀವು ಕೇಳಬಹುದು. ವೈದ್ಯಲೋಕಕ್ಕೂ ಈ ನಂಟು ತಿಳಿದದ್ದು ತಡವಾಗಿಯೇ.

ಮಧುಮೇಹವನ್ನು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡಿದ್ದರು. ಮೇದೋಜೀರಕಾಂಗ ತೆಗೆದರೆ ನಾಯಿಗೆ ಈ ರೋಗ ಬರುತ್ತದೆಂದು 1889ರಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ತೋರಿಸಿದರು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. ಅದಕ್ಕೆ ಮೊದಲು ಬೇಗನೆ ಸಾಯುತ್ತಿದ್ದ ಎಷ್ಟೋ ರೋಗಿಗಳು ಆಮೇಲೆ ದೀರ್ಘಕಾಲ ಬಾಳಿದರು. ಸಕ್ಕರೆ ಬೇರೆ ಬೇರೆ ಅಂಗಗಳಿಗೆ ಮಾಡುವ ಹಾನಿಯೂ ಆಗಲೇ ಚೆನ್ನಾಗಿ ಕಾಣತೊಡಗಿತು.

ಕಿವಿಯ ಹಾನಿಯನ್ನೇ ನೋಡಿ. ಸೂಡೊಮೊನಾಸ್ ಎಂಬ ಸೂಕ್ಷ್ಮಾಣು ಹೊರಗಿವಿಯ ನಾಳದಿಂದ ತಲೆಬುರುಡೆಯ ತಳದ ಮೂಳೆಗೆ ಇಳಿಯುವ ರೋಗವನ್ನು 1959ರಲ್ಲಿ ಮೆಲ್ಟ್ಜರ್ ಮತ್ತು ಕೆಲೆಮನ್ ವರ್ಣಿಸಿದರು. 1968ರಲ್ಲಿ ಚಾಂಡ್ಲರ್ ಅದಕ್ಕೊಂದು ಹೆಸರಿಟ್ಟು ವಿವರಿಸಿದರು. ರೋಗಿಗಳಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯ ವೃದ್ಧರು.

ಮೂಗಿನ ಕಥೆಯನ್ನು ಕರ್ನಾಟಕ ಮರೆತಿಲ್ಲ. ಹಳಸಿದ ರೊಟ್ಟಿಯ ಮೇಲೆ ಕಾಣುವ ಬೂಷ್ಟಿನ ಬಳಗಕ್ಕೆ ಸೇರಿದ ಶಿಲೀಂಧ್ರ ಮನುಷ್ಯನಲ್ಲಿ ರೋಗ ತರುವುದನ್ನು ಪಾಲ್ಟಾಫ್ 1885ರಲ್ಲಿಯೇ ವರ್ಣಿಸಿದ್ದರು. 2021ರಲ್ಲಿ ಕೋವಿಡ್ ಹಿಂದೆಯೇ ಅದು 'ಕಪ್ಪು ಶಿಲೀಂಧ್ರ'ವೆಂಬ ಹೆಸರಿನಿಂದ ಬಂದಿತು. ಆ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗವೆಂದು ಸಾರಿತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಏರ್ಪಾಡಾಯಿತು. ಹತೋಟಿ ತಪ್ಪಿದ ಸಕ್ಕರೆ, ಅದರ ಮೇಲೆ ಸ್ಟಿರಾಯ್ಡ್ ಔಷಧ, ಎರಡೂ ಕೂಡಿ ಹಲವರ ಕಣ್ಣನ್ನೂ ಪ್ರಾಣವನ್ನೂ ಕೊಂಡುಹೋದವು.

ಹೀಗೇಕೆ ಆಗುತ್ತದೆ? ರಕ್ತದಲ್ಲಿ ಸಕ್ಕರೆ ಏರಿದರೆ ಸೂಕ್ಷ್ಮಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳ ಬಲ ಕುಗ್ಗುತ್ತದೆ. ಕೂದಲೆಳೆಯಂಥ ರಕ್ತನಾಳಗಳು ಕೆಡುತ್ತವೆ. ಒಳಗಿವಿಗೆ ರಕ್ತ ಸಾಲದೆ ಕೇಳುವ ಶಕ್ತಿ ಮೆಲ್ಲಮೆಲ್ಲನೆ ತಗ್ಗಬಹುದು. ಬಾಯಿ ಒಣಗಿ, ನಾಲಗೆ ಗಂಟಲುಗಳ ಮೇಲೆ ಬಿಳಿಯ ಪೊರೆ ಕಟ್ಟುವುದೂ ಉಂಟು.

ಆದುದರಿಂದ, ಸಕ್ಕರೆ ಕಾಯಿಲೆಯವರ ಕಿವಿ ನೋಯುತ್ತಿದ್ದರೆ, ಸೋರುತ್ತಿದ್ದರೆ, ಎಣ್ಣೆ ಬಿಡಬೇಡಿ. ಗುಗ್ಗೆ ತೆಗೆಯಲೆಂದು ನೀವಾಗಿಯೇ ನೀರು ಹಾಕಿ ತೊಳೆಯಬೇಡಿ. ಮುಖ ಒಂದು ಕಡೆಗೆ ಸೊಟ್ಟಗಾದರೆ, ಮೂಗಿನಿಂದ ಕಪ್ಪು ಹಕ್ಕಳೆ ಬಂದರೆ, ಕೆನ್ನೆ ನೊಂದು ಕಣ್ಣು ಊದಿದರೆ, ಅಂದೇ ಆಸ್ಪತ್ರೆಗೆ ಹೊರಡಿ. ಕಿವಿ ತೋರಿಸಲು ಹೋದಾಗ ಸಕ್ಕರೆ ಕಾಯಿಲೆ ಇದೆಯೆಂಬ ಮಾತನ್ನು ವೈದ್ಯರು ಕೇಳುವ ಮೊದಲೇ ನೀವಾಗಿ ಹೇಳಿ. ಆ ಒಂದು ಮಾತಿನಿಂದ ಜೀವ ಉಳಿಯಬಹುದು.